ಹದಿನೇಳರ ಹುಡುಗರ ಜೊತೆ ದೋಸ್ತಿ ಮಾಡೋದು ಹೇಗೆ, ಮೇಷ್ಟ್ರಾಗದೇನೇ

ಅಕ್ಕನ ಮಗ ಇರಬಹುದು, ಮಹಡಿ ಮೇಲಿನ ಬಾಡಿಗೆಯವರ ಮಗಳಿರಬಹುದು, ಆಫೀಸಿಗೆ ಹೊಸದಾಗಿ ಬಂದ ಟ್ರೈನಿ ಇರಬಹುದು, ಒಂದಿನ ನಿಮಗೇ ಗೊತ್ತಾಗುತ್ತೆ, ಇವನು ಮಿಕ್ಕವರ ಮಾತಿಗೆ ಹೂಂ ಅಂತಾನೆ ಆದ್ರೆ ನನ್ನ ಮಾತನ್ನ ನಿಜವಾಗ್ಲೂ ಕೇಳಿಸ್ಕೊಳ್ತಾನೆ ಅಂತ. ಅಪ್ಪ ಅಮ್ಮ ಏನ್ ಹೇಳಿದ್ರೂ ಕಿರಿಕಿರಿ ಅನ್ಸೋ ವಯಸ್ಸು ಅದು, ಫ್ರೆಂಡ್ಸ್ ಹೇಳಿದ್ದೆಲ್ಲಾ ಸರಿ, ಇವೆರಡರ ಮಧ್ಯೆ ಒಂದು ಜಾಗ ಖಾಲಿ ಬಿದ್ದಿರುತ್ತೆ. ಅಲ್ಲಿಗೆ ಯಾರಾದ್ರೂ ಬಂದೇ ಬರ್ತಾರೆ. ಎಲೆಕ್ಷನ್‌ಗೆ ಹುಡುಗರನ್ನ ಒಟ್ಟು ಹಾಕೋ ಪುಢಾರಿ ಬರಬಹುದು, ಬೆಟ್ಟಿಂಗ್ ಆ್ಯಪ್ ಹಾಕಿಕೊಡೋ ಯಾರೋ ಅಣ್ಣ ಬರಬಹುದು, ನೀವೂ ಹೋಗಬಹುದು. ಹೋಗೋದಾದ್ರೆ ಹೇಗೆ ಅನ್ನೋದಕ್ಕೇ ಇಷ್ಟು ಬರೀತಿರೋದು.

ಮೊದಲೇ ಒಂದು ಮಾತು. ಬುದ್ಧಿ ಹೇಳಿದ್ರಿಂದ ಯಾರೂ ಬದಲಾಗಿದ್ದು ನಾನು ಕಂಡಿಲ್ಲ. ಜೊತೇಲಿ ಕೆಲಸ ಮಾಡ್ತಾ ಮಾಡ್ತಾ, ನಿಮ್ಮನ್ನ ನೋಡ್ತಾ ನೋಡ್ತಾ, ಒಂದೆರಡು ಸಲ ನೀವು ಅವರನ್ನ ನಂಬಿದ್ರಿ ಅನ್ನೋದು ಮನಸ್ಸಲ್ಲಿ ಕೂತು, ಹಾಗೇ ನಿಧಾನಕ್ಕೆ ಆಗೋದು ಅದು.

ನೀವು ಯಾವ ಥರದವರು ಅಂತ ಮೊದಲು ನೋಡ್ಕೊಳಿ

ಎಲ್ಲರೂ ಎಲ್ಲಾ ಆಗಬೇಕಿಲ್ಲ. ಇದಕ್ಕೆ ಕುವೆಂಪು ಅವರ ವಿದ್ಯಾರ್ಥಿ ದಿನಗಳಿಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಕುಪ್ಪಳಿ ಕಡೆಯಿಂದ ಮೈಸೂರಿಗೆ ಓದೋಕೆ ಬಂದ ಮಲೆನಾಡಿನ ಹುಡುಗ, ಬರೀತಿದ್ದಿದ್ದು ಇಂಗ್ಲಿಷ್ ಪದ್ಯ, 1922ರಲ್ಲೇ ಇಂಗ್ಲಿಷಲ್ಲಿ ಒಂದು ಸಣ್ಣ ಪುಸ್ತಕಾನೂ ಬಂದಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಇವರು ಹೋಗಿ ತಮ್ಮ ಪದ್ಯ ತೋರಿಸ್ತಾರೆ, ಆತ ನೋಡಿ, ನಿಮ್ಮ ಭಾಷೇಲೇ ಬರೀರಿ ಅಂತಾರೆ. ಆಗ ಹುಡುಗನಿಗೆ ಬೇಜಾರೇ ಆಯ್ತು, ಆದ್ರೆ ಮುಂದೆ ಆಗಿದ್ದೇನು ಅಂತ ಎಲ್ಲರಿಗೂ ಗೊತ್ತು. ಕಸಿನ್ಸ್ ಪಾತ್ರ ಅಷ್ಟೇ, ಒಂದು ಭೇಟಿ, ಒಂದು ಮಾತು.

ಆಮೇಲೆ ಸ್ವಾಮಿ ಸಿದ್ಧೇಶ್ವರಾನಂದರು, ಮೈಸೂರಿನ ರಾಮಕೃಷ್ಣಾಶ್ರಮದವರು, ಗೋಪಾಲ್ ಮಹಾರಾಜ್ ಅಂತ ಕರೀತಿದ್ರು. ಈ ಹುಡುಗ ಸಂತೆಪೇಟೆಯ ರೂಮಲ್ಲಿ ಕಾಯಿಲೆ ಬಿದ್ದಾಗ ಆಶ್ರಮಕ್ಕೇ ಕರ್ಕೊಂಡು ಹೋಗಿ ಇಟ್ಕೊಂಡ್ರು, ಆಮೇಲೆ ಎಷ್ಟೋ ವರ್ಷ ಅದೇ ಈ ಹುಡುಗನ ಮನೆ. ಕವಿತೆ ಹೇಗೆ ಬರೀಬೇಕು ಅಂತ ಹೇಳಿಕೊಡೋರು ಅವರಲ್ಲ. ಊಟ, ಜಾಗ, ಆರೋಗ್ಯ, ದಿನಕ್ಕೊಂದು ಶಿಸ್ತು, ಇವನ್ನ ಕೊಟ್ರು, ಮಿಕ್ಕಿದ್ದು ತಾನೇ ಆಯ್ತು.

ಮೂರನೆಯವರು ಮಹಾರಾಜ ಕಾಲೇಜಿನ ಟಿ.ಎಸ್. ವೆಂಕಣ್ಣಯ್ಯನವರು, ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಇವರದ್ದು ವರ್ಷಗಟ್ಟಲೆ ಜೊತೆಗಿದ್ದ ಸಂಬಂಧ, ಮೊದಲು ಮೇಷ್ಟ್ರು ಆಮೇಲೆ ಒಂದೇ ಇಲಾಖೆಯ ಹಿರಿಯ ಸಹೋದ್ಯೋಗಿ. 1939ರಲ್ಲಿ ತೀರ್ಕೊಂಡ್ರು. ಹತ್ತು ವರ್ಷ ಆದ್ಮೇಲೆ, 1949ರಲ್ಲಿ ಶ್ರೀ ರಾಮಾಯಣ ದರ್ಶನಂ ಅಚ್ಚಾಗಿ ಬಂದಾಗ ಅದು ಅರ್ಪಣೆ ಆಗಿದ್ದು ಈ ಮೇಷ್ಟ್ರಿಗೇ. ಮೇಷ್ಟ್ರು ಬದುಕಿಲ್ಲ, ಆದ್ರೂ ಮುಗಿಸಿ ತಂದು ಒಪ್ಪಿಸ್ತಿದ್ದೀನಿ ಅನ್ನೋ ಧಾಟಿಯಲ್ಲಿದೆ ಆ ಅರ್ಪಣೆ. ಓದಿಲ್ದಿದ್ರೆ ಒಂದ್ಸಲ ಓದಿ, ಗಂಟಲು ಕಟ್ಟುತ್ತೆ.

ಹೀಗೆ ಒಬ್ಬರು ಒಂದು ಮಾತು, ಒಬ್ಬರು ಒಂದು ಸೂರು, ಒಬ್ಬರು ವರ್ಷಗಟ್ಟಲೆ ಜೊತೆ. ನಿಮ್ಮ ಕೈಲಿ ಯಾವುದು ಆಗುತ್ತೆ ನೋಡ್ಕೊಳಿ. ಟ್ರಾನ್ಸ್‌ಫರ್ ಆಗೋ ಕೆಲಸದಲ್ಲಿದ್ದೀರ, ಮನೇಲಿ ಸಣ್ಣ ಮಕ್ಕಳಿದ್ದಾರೆ ಅಂದ್ರೆ ಕಸಿನ್ಸ್ ಥರ ಇರಿ, ನಿಜ ಅನ್ಸಿದ್ದನ್ನ ಮುಖಕ್ಕೆ ಹೊಡೆದ ಹಾಗಲ್ದೆ ಒಂದ್ಸಲ ಹೇಳಿ ಸುಮ್ನಾಗಿ. ಮನೇಲಿ ಒಂದು ರೂಮು ಖಾಲಿ ಇದೆ, ಓದೋಕೆ ಜಾಗ ಇಲ್ಲದ ಹುಡುಗಿಗೆ ಪರೀಕ್ಷೆ ಮುಗಿಯೋವರೆಗೂ ಸಂಜೆ ಬಂದು ಕೂರು ಅನ್ನೋದು ಸಣ್ಣ ಸಹಾಯ ಅಲ್ಲ. ವರ್ಷಗಟ್ಟಲೆ ನಿಲ್ತೀನಿ ಅನ್ನೋದನ್ನ ಮಾತ್ರ ಆಗೋದಾದ್ರೆ ಹೇಳಿ, ಯಾಕಂದ್ರೆ ಮಾತು ಕೊಟ್ಟು ಮಧ್ಯದಲ್ಲಿ ಮಾಯ ಆಗೋ ದೊಡ್ಡವರನ್ನ ಈ ಹುಡುಗರು ಈಗಾಗ್ಲೇ ಸಾಕಷ್ಟು ನೋಡಿರ್ತಾರೆ.

ಶುರು ಮಾಡೋದು ಕೆಲಸದಿಂದ

ಬಾ ಕೂತ್ಕೋ ನಿನ್ ಹತ್ರ ಮಾತಾಡ್ಬೇಕು ಅಂದ್ರೆ ಅಲ್ಲಿಗೆ ಮುಗೀತು, ಹುಡುಗ ನೆಲ ನೋಡ್ತಾ ಕೂರ್ತಾನೆ. ಕೈಗೆ ಕೆಲಸ ಇದ್ರೆ ಬಾಯಿ ತಾನಾಗೇ ಬಿಚ್ಚುತ್ತೆ, ಎದುರಾಬದುರಾ ಕೂರೋದಕ್ಕಿಂತ ಪಕ್ಕಪಕ್ಕ ನಿಂತ್ಕೊಂಡಾಗ ಹುಡುಗರು ಜಾಸ್ತಿ ಮಾತಾಡ್ತಾರೆ. ಅಡುಗೆ ಆಗಬಹುದು, ತೋಟದ ಡ್ರಿಪ್ ಪೈಪ್ ರಿಪೇರಿ ಆಗಬಹುದು, ನಿಮ್ಮ ಅಂಗಡಿ ಸ್ಟಾಕ್ ಎಣಿಸೋದು ಆಗಬಹುದು. ಬೈಕ್ ಆಯಿಲ್ ಚೇಂಜ್ ಮಾಡೋದನ್ನೇ ತಗೊಳ್ಳೋಣ, ಭಾನುವಾರ ಬೆಳಿಗ್ಗೆ ಮನೆ ಮುಂದೆ ಮಾಡೋ ಕೆಲಸ.

ಬೈಕ್ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಆಯಿಲ್ ಬೆಚ್ಚಗಾಗ್ಲಿ, ಕೆಳಗೆ ಹಳೇ ಟ್ರೇ ಇಡಿ, ಸ್ಪ್ಯಾನರ್ ಹುಡುಗನ ಕೈಗೆ ಕೊಡಿ. ಕೊಟ್ಮೇಲೆ ವಾಪಸ್ ಕಿತ್ಕೋಬೇಡಿ, ಇದು ಕಷ್ಟ, ನಿಮ್ಮ ಕೈ ಕಡೀತಾನೇ ಇರುತ್ತೆ. ಹಳೇ ಆಯಿಲ್ ಇಳೀತು, ಅವನು ಡ್ರೈನ್ ಬೋಲ್ಟ್ ವಾಪಸ್ ಹಾಕ್ತಾನೆ, ಹುಮ್ಮಸ್ಸಲ್ಲಿ ಇನ್ನೊಂದು ಸುತ್ತು ಎಳೀತಾನೆ, ಕೆಳಗಿನ ಕೇಸಿಂಗ್ ಅಲ್ಯೂಮಿನಿಯಂ, ಥ್ರೆಡ್ ಹೋಯ್ತು. ಬೋಲ್ಟ್ ಸುಮ್ನೆ ಗಿರಗಿರ ತಿರುಗುತ್ತೆ. ಅವನಿಗೆ ಗೊತ್ತಾಗಿದೆ. ಆದ್ರೂ ಆಯ್ತಣ್ಣ ಅಂತ ಎದ್ದು ಕೈ ಒರೆಸ್ಕೊಳ್ತಾನೆ.

ಸ್ವಭಾವ ಅನ್ನೋದು ರೂಪ ತಗೊಳ್ಳೋದು ಈ ಅರ್ಧ ನಿಮಿಷದಲ್ಲಿ ನೋಡಿ. ಬೈದ್ರೆ, ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡೋದು ಕಲೀತಾನೆ. ಪರವಾಗಿಲ್ಲ ಬಿಡೋ ನಾನು ನೋಡ್ಕೊಳ್ತೀನಿ ಅಂದ್ರೆ, ತಪ್ಪು ಮಾಡಿದ್ರೆ ಯಾರೋ ಬಂದು ಸರಿ ಮಾಡ್ತಾರೆ ಅಂತ ಕಲೀತಾನೆ. ಹೊಸ ಆಯಿಲ್ ಡಬ್ಬಿ ತೆಗೆಯೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿ, "ಬೋಲ್ಟ್ ಹಿಡೀತೇನೋ?" ಅಷ್ಟೇ, ಆಮೇಲೆ ಬಾಯಿ ಮುಚ್ಕೊಂಡಿರಿ. ಸುಮ್ನಿರೋದು ಎಷ್ಟು ಹೊತ್ತಾದ್ರೂ ಆಗ್ಲಿ. ಹತ್ತಕ್ಕೆ ಒಂಬತ್ತು ಸಲ ಅವನೇ ಹೇಳ್ತಾನೆ, ಇಲ್ಲಣ್ಣ, ತಿರುಗ್ತಾನೇ ಇದೆ ಅಂತ. ಆಗ "ಸರಿ, ಈಗ ಏನ್ ಮಾಡೋಣ?" ಆಯಿಲ್ ಇಲ್ಲದ ಬೈಕ್ ಸ್ಟಾರ್ಟ್ ಮಾಡೋ ಹಾಗಿಲ್ಲ, ತಳ್ಕೊಂಡು ಲೇಥ್ ಶಾಪಿಗೋ ಮೆಕ್ಯಾನಿಕ್ ಹತ್ರನೋ ಹೋಗಿ, ಇಬ್ಬರೂ ತಳ್ಳಿ. ಅಲ್ಲಿ ಏನಾಯ್ತು ಅಂತ ಅವನೇ ಹೇಳ್ಲಿ, ನೀವು ಪಕ್ಕದಲ್ಲಿ ನಿಂತಿರಿ. ಓವರ್‌ಸೈಜ್ ಟ್ಯಾಪ್ ಹೊಡೆದು, ಅಂದ್ರೆ ದೊಡ್ಡ ಅಳತೆಗೆ ಹೊಸ ಥ್ರೆಡ್ ಕೊರೆದು, ದೊಡ್ಡ ಬೋಲ್ಟ್ ಹಾಕಿಕೊಡ್ತಾರೆ, ಪ್ರಳಯ ಏನೂ ಆಗಲ್ಲ.

ಮುಖ್ಯವಾದ ಕೆಲಸ ಆಮೇಲಿನದು. ಈ ಕಥೆಯನ್ನ ಅವರ ಅಪ್ಪನ ಮುಂದೆ, ಹಬ್ಬಕ್ಕೆ ಸೇರಿದ ನೆಂಟರ ಮುಂದೆ ತಮಾಷೆಗೂ ಹೇಳಬೇಡಿ. ನಮ್ಮ ಕಡೆ ಇದೊಂದು ಕೆಟ್ಟ ಚಾಳಿ, ಮಕ್ಕಳ ಎಡವಟ್ಟನ್ನ ನಾಲ್ಕು ಜನರ ಮುಂದೆ ಹೇಳಿ ನಗೋದು, ಅವರೂ ಹಲ್ಲು ಕಿರೀತಾರೆ, ಆದ್ರೆ ಇನ್ಮೇಲೆ ನಿಮಗೆ ಏನೂ ಹೇಳಲ್ಲ. ಮುಂದಿನ ಆಯಿಲ್ ಚೇಂಜ್‌ಗೆ ಸ್ಪ್ಯಾನರ್ ಮತ್ತೆ ಅವನ ಕೈಗೇ ಕೊಡಿ.

ಮಾತು

ವಾರಕ್ಕೋ ಹದಿನೈದು ದಿನಕ್ಕೋ ಒಂದು ಹೊತ್ತು ಇಟ್ಕೊಳಿ, ಸಿಕ್ಕಾಗ ಸಿಗೋಣ ಅಂದ್ರೆ ಯಾವತ್ತೂ ಸಿಗಲ್ಲ. ಫೋನ್ ಜೇಬಲ್ಲಿರಲಿ, ನಿಮ್ಮದೂ. ಯಾಕೋ ಹಿಂಗ್ ಮಾಡ್ದೆ ಅಂತ ಶುರು ಮಾಡಿದ್ರೆ ಹುಡುಗ ಕಾರಣ ಹುಡುಕ್ತಾನೆ, ಏನಾಯ್ತು ಹೇಳು ಅಂದ್ರೆ ಆಗಿದ್ದನ್ನ ಹೇಳ್ತಾನೆ. ನಾವೆಲ್ಲಾ ನಿನ್ ವಯಸ್ಸಲ್ಲಿ ಅಂತ ಶುರುವಾಗೋ ವಾಕ್ಯ ಪೂರ್ತಿ ನಿಷೇಧ.

ವಾದ ಮಾಡೋಕೆ ಬಿಡಿ. ನೀವು ಹೇಳಿದ್ದು ತಪ್ಪು ಅಂತ ಅವನು ಹೇಳಿದ ದಿನ ಸಂಬಂಧ ಗಟ್ಟಿಯಾಗಿದೆ ಅಂತ ಲೆಕ್ಕ, ಯಾಕಂದ್ರೆ ಮನೇಲಿ ಎದುರು ಮಾತಾಡ್ಬೇಡ ಅಂತ ಕೇಳಿ ಕೇಳಿ ಬೆಳೆದಿರ್ತಾನೆ, ಎದುರು ಮಾತಾಡಿಯೂ ಪ್ರೀತಿ ಕಳ್ಕೊಳ್ಳದೇ ಇರಬಹುದು ಅನ್ನೋದನ್ನ ಎಲ್ಲೋ ಒಂದು ಕಡೆ ಕಲೀಬೇಕಲ್ಲ. ಅವನು ಹೇಳಿದ್ದು ಸರಿ ಇದ್ರೆ ಹೌದು ಕಣೋ ನೀನು ಹೇಳಿದ್ದೇ ಸರಿ ಅಂತ ಒಪ್ಕೊಳಿ, ಗಂಟೇನೂ ಹೋಗಲ್ಲ.

ಇನ್ನು, ನೀವು ಹೇಳಿದ್ದಕ್ಕಿಂತ ಅವರು ನೋಡಿದ್ದು ಜಾಸ್ತಿ ಉಳಿಯುತ್ತೆ. ದರ್ಶಿನಿಯಲ್ಲಿ ಟೇಬಲ್ ಒರೆಸೋ ಹುಡುಗನ್ನ ಏನಂತ ಕರೀತೀರ, ಕ್ಯಾಷಿಯರ್ ತಪ್ಪಿ ನೂರು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ರೆ ಏನ್ ಮಾಡ್ತೀರ, ಈಗಷ್ಟೇ ಎದ್ದು ಹೋದವರ ಬಗ್ಗೆ ಏನ್ ಮಾತಾಡ್ತೀರ, ಇದನ್ನೆಲ್ಲಾ ಸುಮ್ನೆ ಗಮನಿಸ್ತಿರ್ತಾರೆ. ಅವರಿಗೆ ಸುಳ್ಳು ಹೇಳಬೇಡ ಅಂತ ಹೇಳಿ, ಐದೇ ನಿಮಿಷಕ್ಕೆ ಫೋನಲ್ಲಿ ಯಾರಿಗೋ ದಾರೀಲಿದ್ದೀನಿ ಅಂದ್ರೆ, ಉಳಿಯೋದು ಎರಡನೇದು.

ಮನೆಯವರು, ಜಾತಿ, ದುಡ್ಡು

ಇನ್ನೂ ಹದಿನೆಂಟು ತುಂಬಿಲ್ಲ ಅಂದ್ರೆ ಮೊದಲ ತಿಂಗಳೇ ಅವರ ಮನೆಗೆ ಹೋಗಿ. ಅಪ್ಪ ಅಮ್ಮನ ಹತ್ರ ಮಾತಾಡಿ, ಎಲ್ಲಿ ಸಿಗ್ತೀವಿ ಏನ್ ಮಾಡ್ತೀವಿ ಅಂತ ಗೊತ್ತಿರಲಿ, ಸಿಗೋದು ನಾಲ್ಕು ಜನ ಓಡಾಡೋ ಜಾಗದಲ್ಲಿ, ಮನೇಲಾದ್ರೆ ಬಾಗಿಲು ತೆಗೆದಿರಲಿ. ಹುಡುಗಿಯಾಗಿದ್ದು ನೀವು ಗಂಡಸಾಗಿದ್ರೆ ಇನ್ನೂ ಜಾಸ್ತಿ ಎಚ್ಚರ, ಮನೇಲಿ ಹೆಂಡತಿನೋ ಅಕ್ಕನೋ ಇದ್ರೆ ಅವರೂ ಈ ಸ್ನೇಹದಲ್ಲಿ ಸೇರ್ಲಿ. ಇದನ್ನ ಅನುಮಾನ ಅಂತ ಅನ್ಕೋಬೇಡಿ, ಮಗುವಿಗೂ ನಿಮಗೂ ಇಬ್ಬರಿಗೂ ಕ್ಷೇಮ. ನಿಮ್ಮ ಅಮ್ಮಂಗೆ ಹೇಳಬೇಡ ಅನ್ನೋ ಮಾತು ನಿಮ್ಮ ಬಾಯಿಂದ ಯಾವತ್ತೂ ಬರಬಾರದು.

ಅವರ ಮನೇಲಿ ಕೊಟ್ಟಿದ್ದನ್ನ ತಿನ್ನಿ, ನಿಮ್ಮನೇಲಿ ನಿಮ್ಮ ಮಕ್ಕಳಿಗೆ ಹಾಕೋ ತಟ್ಟೆಯಲ್ಲೇ ಅವರಿಗೂ ಹಾಕಿ. ಬೇರೆ ಲೋಟ ಇಡೋ ಮನೆಗಳು ಇನ್ನೂ ಇವೆ, ಹುಡುಗರಿಗೆ ಅದು ಮೊದಲ ದಿನವೇ ಗೊತ್ತಾಗುತ್ತೆ, ಆಮೇಲೆ ನೀವು ಎಷ್ಟು ಪುಸ್ತಕ ಕೊಡಿಸಿದ್ರೂ ಅಷ್ಟೇ.

ದುಡ್ಡಿನ ವಿಷಯ. ಫೀಸ್ ಕಟ್ಟೋದಿದ್ರೆ ನೇರ ಕಾಲೇಜಿಗೇ ಕಟ್ಟಿ ರಸೀದಿ ಮನೆಯವರಿಗೆ ಕೊಡಿ. ಕೈಗೆ ಕೊಟ್ರೆ ಸಾಲನಾ ಕೊಡುಗೆನಾ ಅಂತ ಅವತ್ತೇ ಸ್ಪಷ್ಟ ಮಾಡಿ, ಇಲ್ಲಾಂದ್ರೆ ಅದು ಇಬ್ಬರ ಮಧ್ಯೆ ಮುಳ್ಳಾಗುತ್ತೆ, ಹುಡುಗ ನಿಮ್ಮನ್ನ ಕಂಡ್ರೆ ಬೇರೆ ರಸ್ತೆ ಹಿಡೀತಾನೆ. ನಿಜ ಹೇಳ್ಬೇಕಂದ್ರೆ ದುಡ್ಡಿಗಿಂತ ದೊಡ್ಡ ಉಪಕಾರ ಸ್ಕಾಲರ್‌ಶಿಪ್ ಅರ್ಜಿ ಹಾಕೋವಾಗ ಪಕ್ಕದಲ್ಲಿ ಕೂರೋದು. ಅರ್ಜಿ ಹಾಕೋಕೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್, ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಾಸ್ಟೆಲ್ ಸಿಗದೇ ಹೊರಗಿರೋ ಹಿಂದುಳಿದ ವರ್ಗದ ಹುಡುಗರಿಗೆ ಊಟ ವಸತಿಗೆ ವಿದ್ಯಾಸಿರಿ ಇದೆ, ಆದ್ರೆ ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಆಧಾರ್ ಬ್ಯಾಂಕ್ ಖಾತೆಗೆ ಸೀಡ್ ಆಗಿರಬೇಕು, ಅಂದ್ರೆ ಜೋಡಣೆ ಆಗಿರಬೇಕು, ಸರ್ಟಿಫಿಕೇಟಲ್ಲಿ ಒಂದು ಥರ ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಥರ ಹೆಸರು ಇದ್ರೆ ಅಲ್ಲಿಗೆ ನಿಂತ್ಹೋಗುತ್ತೆ. ಎಷ್ಟೋ ಹುಡುಗರು ಇಲ್ಲೇ ಕೈ ಚೆಲ್ತಾರೆ. ನೀವು ಪಕ್ಕದಲ್ಲಿ ಕೂರಿ, ಟೈಪ್ ಮಾಡೋದು ಅವರೇ ಮಾಡ್ಲಿ, ನಾಡಕಚೇರಿಗೆ ಮೊದಲ ಸಲ ಜೊತೆಗೆ ಹೋಗಿ, ಎರಡನೇ ಸಲ ಅವರೊಬ್ಬರನ್ನೇ ಕಳಿಸಿ. ಕೌಂಟರ್ ಮುಂದೆ ನಿಂತು, ಸಾರ್ ನನ್ನ ಅರ್ಜಿ ಏನಾಯ್ತು ಅಂತ ಕೇಳೋ ಧೈರ್ಯ ಬಂತಲ್ಲ, ಅದು ಮುಂದೆ ಎಲ್ಲಾ ಆಫೀಸಲ್ಲೂ ಕೆಲಸಕ್ಕೆ ಬರುತ್ತೆ.

ಸಹಾಯ ಮಾಡಿದ ಫೋಟೋ ಸ್ಟೇಟಸ್‌ಗೆ ಹಾಕೋರಿಗೆ ನಾನು ಹೇಳೋದೇನಿಲ್ಲ.

ರಿಸಲ್ಟ್ ದಿನ, ಮತ್ತೆ ಅದಕ್ಕಿಂತ ಕೆಟ್ಟ ದಿನ

ಫೇಲ್ ಆದ್ರೆ ಅವತ್ತು ಫೋನ್ ಮಾಡಿ ಧೈರ್ಯ ಹೇಳೋದಕ್ಕಿಂತ ಹೋಗಿ ಜೊತೇಲಿ ಊಟ ಮಾಡೋದು ವಾಸಿ. ಮುಂದೇನು ಅನ್ನೋ ಮಾತು ಎರಡು ದಿನ ಬಿಟ್ಟು. 2024ರಿಂದ ಸೆಕೆಂಡ್ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಮಾಡ್ತಿದ್ದಾರೆ, ಯಾವುದರಲ್ಲಿ ಜಾಸ್ತಿ ಬಂತೋ ಆ ಮಾರ್ಕ್ಸ್ ಉಳಿಸ್ಕೋಬಹುದು, ಅಂದ್ರೆ ವರ್ಷ ಹೋಯ್ತು ಅಂತ ಅಳೋ ಕಾಲ ಹೋಯ್ತು. ಆದ್ರೆ ಈ ಮಾಹಿತಿಯನ್ನ ಅಳ್ತಿರೋ ಮಗುವಿನ ಮುಂದೆ ಅವತ್ತೇ ಬಡಬಡ ಓದಬೇಡಿ.

ಕೆಲವು ಸಲ ಮಾರ್ಕ್ಸಿಗಿಂತ ಭಾರವಾದದ್ದು ಬರುತ್ತೆ. ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂತ ಹೇಳಿದ್ರೆ ಅದನ್ನ ನೀವೊಬ್ಬರೇ ಹೊತ್ಕೋಬೇಡಿ, ಅವರನ್ನ ಒಂಟಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅಲ್ಲೇ ಕೂತು ಫೋನ್ ಹಚ್ಚಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಬೇಕಿಲ್ಲ, ಹಗಲು ರಾತ್ರಿ ಇರುತ್ತೆ. ಯಾರೋ ದೊಡ್ಡವರು ಮೈ ಮುಟ್ಟಿದ್ರು, ಕಾಟ ಕೊಡ್ತಿದ್ದಾರೆ ಅಂತ ಹದಿನೆಂಟರ ಒಳಗಿನ ಮಗು ಹೇಳಿದ್ರೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ತಿಳಿಸಲೇಬೇಕು, 1098 ಮಕ್ಕಳ ಸಹಾಯವಾಣಿ ಇದೆ. ನೀನು ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ, ಇದನ್ನ ಸರಿ ಮಾಡೋಕೆ ಇನ್ನೊಬ್ಬರಿಗೆ ಹೇಳಲೇಬೇಕು, ನಾನು ಜೊತೇಲಿರ್ತೀನಿ, ಇಷ್ಟು ಹೇಳಿ.

ಸೇವೆ ಮಾಡಿಸ್ಕೊಳ್ಳೋ ಆಸೆ

ನಮ್ಮ ಸಂಗೀತದ ಲೋಕದಲ್ಲಿ ಇದಕ್ಕೆ ದೊಡ್ಡ ಪರಂಪರೆ ಇದೆ. ಗದಗಿನ ಭೀಮಸೇನ ಜೋಶಿ ಹುಡುಗನಾಗಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೇಲಿದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತಿದ್ದು ಎಲ್ಲರೂ ಹೇಳೋ ಕಥೆ, ಆಮೇಲೆ 1953ರಲ್ಲಿ ಪುಣೆಯಲ್ಲಿ ಗುರುಗಳ ಹೆಸರಲ್ಲಿ ಅವರು ಶುರು ಮಾಡಿದ ಸಂಗೀತೋತ್ಸವ ಇವತ್ತಿಗೂ ನಡೀತಿದೆ. ಆದ್ರೆ ಅದನ್ನ ಹೇಳ್ಕೊಂಡು ಟ್ರೈನಿ ಕೈಲಿ ಮನೆ ಗ್ಯಾಸ್ ಸಿಲಿಂಡರ್ ತರಿಸೋರನ್ನ ನೋಡಿದ್ದೀನಿ, ಅಲ್ಲಿ ಹಗಲಿರುಳು ಗುರುವಿನ ಗಾನ ಕಿವಿಗೆ ಬೀಳ್ತಿತ್ತು ಸ್ವಾಮಿ, ನಿಮ್ಮನೇಲಿ ಏನ್ ಬೀಳುತ್ತೆ, ಸೀರಿಯಲ್ಲು. ಕೆಲಸ ಹೇಳೋದಾದ್ರೆ ಅದರಿಂದ ಅವನು ಏನಾದ್ರೂ ಕಲೀತಾನಾ ಅಂತ ಕೇಳ್ಕೊಳಿ. ಇಲ್ಲ ಅಂದ್ರೆ ನೀವೇ ಮಾಡಿ, ಇಲ್ಲ ಇಬ್ಬರೂ ಸೇರಿ ಮಾಡಿ.

ಬೇರೆಯವರ ಹತ್ರ ಕಳಿಸೋದು

ಇದು ಎಲ್ಲಕ್ಕಿಂತ ಕಷ್ಟ. ಹುಡುಗ ಚೆನ್ನಾಗಿ ಬರ್ತಿದ್ದಾನೆ, ನಿಮ್ಮ ಕೈಕೆಳಗೇ ಇರ್ಲಿ ಅನ್ಸುತ್ತೆ. ಗುಬ್ಬಿ ವೀರಣ್ಣನವರನ್ನ ನೆನೆಸ್ಕೊಳಿ. ಬಂಟ್ವಾಳದ ಹತ್ರದ ಮಂಚಿಯಿಂದ ಮನೆ ಬಿಟ್ಟು ಬಂದ ಬಿ.ವಿ. ಕಾರಂತ ಅನ್ನೋ ಹುಡುಗ ಅವರ ನಾಟಕ ಕಂಪನಿ ಸೇರ್ತಾನೆ, ಹಾಡ್ತಾನೆ, ಪಾತ್ರ ಮಾಡ್ತಾನೆ, ಕಂಪನಿಗೆ ಲಾಭದ ಹುಡುಗ. ವೀರಣ್ಣನವರು ಅವನನ್ನ ಕಟ್ಟಿ ಹಾಕ್ಲಿಲ್ಲ, ಬನಾರಸ್‌ಗೆ ಎಂಎ ಓದೋಕೆ ಕಳಿಸಿಕೊಟ್ರು. ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ, ಮುಂದೆ ಅದೇ ಶಾಲೆಗೆ ನಿರ್ದೇಶಕರು, 1989ರಲ್ಲಿ ಮೈಸೂರಿನ ರಂಗಾಯಣ. ಕಂಪನಿ ನಾಟಕದ ಯಜಮಾನರೊಬ್ಬರು, ಪೂರ್ತಿ ಬೇರೆ ಥರದ ರಂಗಭೂಮಿ ಕಟ್ಟೋ ಮನುಷ್ಯನಿಗೆ ದಾರಿ ಖರ್ಚು ಕೊಟ್ಟ ಹಾಗಾಯ್ತು.

ಹಾಗಾಗಿ ನಿಮಗೆ ಗೊತ್ತಿಲ್ಲದ್ದು ಅವನಿಗೆ ಬೇಕು ಅನ್ಸಿದ ತಕ್ಷಣ ಗೊತ್ತಿರೋರ ಹತ್ರ ಕಳಿಸಿ. ಇವನು ನನ್ನ ಹುಡುಗ ಅಂತ ಪರಿಚಯ ಮಾಡಿಸಬೇಡಿ, ಇವನಿಗೆ ಇಂಥದ್ದು ಚೆನ್ನಾಗಿ ಬರುತ್ತೆ, ಇಂಥದ್ದು ಕಲೀಬೇಕು ಅಂತಿದ್ದಾನೆ ಅಂತ ಹೇಳಿ. ಕೆಲಸಕ್ಕೆ ಶಿಫಾರಸು ಪತ್ರ ಕೇಳಿದ್ರೆ ನಿಮ್ಮ ಕಣ್ಣಾರೆ ನೋಡಿದ ಒಂದು ಘಟನೆ ಬರೀರಿ, ಪ್ರಾಮಾಣಿಕ ಶ್ರಮಜೀವಿ ಅನ್ನೋ ಎರಡು ಪದ ಎಲ್ಲರ ಪತ್ರದಲ್ಲೂ ಇರುತ್ತೆ, ಯಾರೂ ಓದಲ್ಲ.

ಆಮೇಲೆ ಅವನು ಬೆಂಗಳೂರಿಗೋ ದುಬೈಗೋ ಹೋಗ್ತಾನೆ, ಫೋನ್ ಕಮ್ಮಿ ಆಗುತ್ತೆ, ಹಬ್ಬಕ್ಕೊಂದು ಫಾರ್ವರ್ಡ್ ಮೆಸೇಜ್ ಬರುತ್ತೆ. ಬೇಜಾರು ಮಾಡ್ಕೋಬೇಡಿ, ನೀನು ಮರೆತೇ ಬಿಟ್ಟೆ ಅಂತ ಚುಚ್ಚಲೂ ಬೇಡಿ, ಚುಚ್ಚಿದ್ರೆ ಆ ಫಾರ್ವರ್ಡೂ ನಿಲ್ಲುತ್ತೆ. ನಿಮಗೇ ಮಾತಾಡ್ಬೇಕು ಅನ್ಸಿದ್ರೆ ಏನಾದ್ರೂ ಸಹಾಯ ಕೇಳ್ಕೊಂಡು ಫೋನ್ ಮಾಡಿ. ಲ್ಯಾಪ್‌ಟಾಪ್ ತಗೋಬೇಕು ಯಾವುದು ತಗೊಳ್ಲಿ, ಡಿಜಿಲಾಕರ್ ಓಪನ್ ಆಗ್ತಿಲ್ಲ ಏನ್ ಮಾಡ್ಲಿ, ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರೋದು ಯಾವುದೇ ಆಗ್ಲಿ. ಅವನು ವಿಡಿಯೋ ಕಾಲ್ ಹಾಕಿ, ಅಣ್ಣ ಆ ಬಟನ್ ಅಲ್ಲ, ಬಲಗಡೆ ಇರೋದು ಒತ್ತಿ ಅಂತ ರೇಗ್ತಾ ಹೇಳಿಕೊಡ್ತಾನೆ. ರೇಗಿಸ್ಕೊಳಿ.